ಕೋರ್ಸ್, ತಂತ್ರಾಂಶ, ಪಕ್ಕದ ಮೇಜು: ನನ್ನ ಇಮೇಲ್ ತಿದ್ದಿದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ: ದುಡ್ಡು ಕೊಟ್ಟು ಕೊಂಡ ಎರಡೂ ಸೋತವು, ಪುಕ್ಕಟೆಯಾಗಿ ಸಿಕ್ಕಿದ್ದು ಗೆದ್ದಿತು. ಕಚೇರಿಯ ಬರವಣಿಗೆ ಸುಧಾರಿಸಿಕೊಳ್ಳಬೇಕೆಂದು ಒಂದೇ ವರ್ಷದಲ್ಲಿ ಒಂದು ಆನ್‌ಲೈನ್ ಕೋರ್ಸ್ ಮುಗಿಸಿದೆ, ಇಂಗ್ಲಿಷ್ ತಿದ್ದುವ ತಂತ್ರಾಂಶವೊಂದಕ್ಕೆ ವರ್ಷದ ಚಂದಾ ಕಟ್ಟಿದೆ. ಎರಡರಿಂದಲೂ ಬೇಸತ್ತು ಕೊನೆಗೆ ಲೆಕ್ಕಪತ್ರ ವಿಭಾಗದ ಸಹೋದ್ಯೋಗಿಯೊಬ್ಬರನ್ನು ‘ದಿನಕ್ಕೊಂದು ಇಮೇಲ್ ಓದಿ ಹೇಳುತ್ತೀರಾ?’ ಎಂದು ಕೇಳಿಕೊಂಡೆ. ಇಂದಿಗೂ ಉಳಿದಿರುವುದು ಈ ಮೂರನೆಯದು.

ಕೋರ್ಸ್ ಕೆಟ್ಟದ್ದೇನಲ್ಲ. ಬೇಕಾದದ್ದನ್ನು ಮೊದಲ ಸಾಲಿನಲ್ಲೇ ಹೇಳು, ಕಾರಣ ಆಮೇಲೆ ಬರಲಿ ಎಂಬ ಪಾಠ ಅಲ್ಲಿ ಸಿಕ್ಕಿತು. ಅಮೆರಿಕದ ಸೇನೆಯಲ್ಲಿ ಈ ಪದ್ಧತಿಗೆ ‘ಬ್ಲಫ್’ (ಬಾಟಮ್ ಲೈನ್ ಅಪ್ ಫ್ರಂಟ್, ಅಂದರೆ ಮುಖ್ಯ ಮಾತು ಮೊದಲು) ಎಂಬ ಚುಟುಕು ಹೆಸರೇ ಇದೆ. ಆದರೆ ಪರೀಕ್ಷೆಯಲ್ಲಿ ನಾಲ್ಕು ವಾಕ್ಯ ಕೊಟ್ಟು ಒಳ್ಳೆಯದನ್ನು ಆರಿಸಿ ಎನ್ನುತ್ತಿದ್ದರು. ಆರಿಸುವುದು ಬೇರೆ, ಬರೆಯುವುದು ಬೇರೆ. ಪ್ರಮಾಣಪತ್ರ ಬಂದ ಮರುದಿನವೇ ನಾನು ಒಂಬತ್ತು ಸಾಲಿನ ಇಮೇಲ್ ಬರೆದು, ಒಪ್ಪಿಗೆ ಕೇಳುವ ಮಾತನ್ನು ಒಂಬತ್ತನೆಯ ಸಾಲಿಗೆ ತಳ್ಳಿದ್ದೆ. ಮೇಲಧಿಕಾರಿ ‘ಗಮನಿಸಿದ್ದೇನೆ’ ಎಂದಷ್ಟೇ ಉತ್ತರಿಸಿದರು. ಕೆಲಸ ನಾಲ್ಕು ದಿನ ನಿಂತಿತು.

ಇನ್ನು ತಂತ್ರಾಂಶ. ಕಾಗುಣಿತ, ಅಲ್ಪವಿರಾಮಗಳ ವಿಷಯದಲ್ಲಿ ಅದರ ಮೇಲೆ ದೂರಿಲ್ಲ. ನನ್ನ ಜಗಳವಿರುವುದು ಅದರ ಒಂದೇ ಒಂದು ಚಾಳಿಯ ಮೇಲೆ: ಕರ್ಮಣಿ ಪ್ರಯೋಗ ಕಂಡರೆ ಅದಕ್ಕೆ ಆಗದು. ಶಾಲೆಯಲ್ಲಿ ಕಲಿತದ್ದು ನೆನಪಿರಬಹುದು, ‘ನಮೂದಿಸಿದ್ದಾರೆ’ ಎಂದರೆ ಕರ್ತರಿ, ‘ನಮೂದಿಸಲಾಗಿದೆ’ ಎಂದರೆ ಕರ್ಮಣಿ. ಗ್ರಾಹಕರ ಕಚೇರಿಗೆ ನಾನು ಹೀಗೆ ಬರೆದಿದ್ದೆ (ಮೂಲ ಇಂಗ್ಲಿಷ್, ಭಾವ ಇದು): ‘ಬಿಲ್ಲಿನಲ್ಲಿ ಮೊತ್ತವನ್ನು ತಪ್ಪಾಗಿ ನಮೂದಿಸಲಾಗಿದೆ, ದಯವಿಟ್ಟು ಒಮ್ಮೆ ಪರಿಶೀಲಿಸಿ.’ ಕೆಳಗೆ ಗೆರೆ ಬಿತ್ತು. ಕ್ಲಿಕ್ ಮಾಡಿದರೆ ವಾಕ್ಯವನ್ನು ನೇರ ಮಾಡಿಕೊಡುತ್ತೇನೆ ಎಂಬ ಸಲಹೆ. ಗಡಿಬಿಡಿಯಲ್ಲಿ ಒಪ್ಪಿಬಿಟ್ಟೆ. ಹೊರಟ ಇಮೇಲ್‌ನಲ್ಲಿದ್ದದ್ದು: ‘ನೀವು ಬಿಲ್ಲಿನಲ್ಲಿ ಮೊತ್ತವನ್ನು ತಪ್ಪಾಗಿ ನಮೂದಿಸಿದ್ದೀರಿ.’

ಅರ್ಧ ಗಂಟೆಯಲ್ಲಿ ಫೋನ್ ಬಂತು. ಆ ಕಡೆಯವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು. ಹುಡುಕಿ ನೋಡಿದರೆ ತಪ್ಪು ನಮ್ಮದೇ! ಹಳೆಯ ದರಪಟ್ಟಿಯನ್ನು ಅವರಿಗೆ ಕಳಿಸಿದ್ದವನು ನಾನು. ತಪ್ಪು ಯಾರದೆಂದು ತಿಳಿಯದಿದ್ದುದರಿಂದಲೇ ನಾನು ಕರ್ತೃವನ್ನು ಬಿಟ್ಟು ಬರೆದಿದ್ದೆ. ಅದು ಸೋಮಾರಿತನವಲ್ಲ, ಮರ್ಯಾದೆ. ತಂತ್ರಾಂಶ ಎಲ್ಲಿಂದಲೋ ಒಬ್ಬ ಕರ್ತೃವನ್ನು ತಂದು ಕೂರಿಸಿತು. ಕ್ಷಮೆ ಕೇಳುವ ಇಮೇಲ್ ಬರೆದಾಗ ಅಲ್ಲಿಯೂ ಗೆರೆ ಎಳೆದು, ‘ವಾಕ್ಯ ಉದ್ದವಾಯಿತು’ ಎಂದಿತು.

ಅದು ಕೊಡುವ ಅಂಕಗಳಿಗೂ ಮರುಳಾಗಬೇಡಿ. ಸಾಲು ಸಾಲಾಗಿ ಎಲ್ಲವೂ ಸರಿಯಿದ್ದು ಒಟ್ಟು ಪತ್ರ ದಾರಿ ತಪ್ಪಬಹುದು. ಸುಲಭವಾಗಿ ಓದಿಸಿಕೊಳ್ಳುವ ಗುಣವನ್ನು ಅಳೆಯಲು ಬರವಣಿಗೆ ತಜ್ಞ ರುಡಾಲ್ಫ್ ಫ್ಲೆಶ್ 1948ರಲ್ಲಿ ಕೊಟ್ಟ ಪ್ರಸಿದ್ಧ ಸೂತ್ರ ಎಣಿಸುವುದು ಎರಡನ್ನೇ: ವಾಕ್ಯಕ್ಕೆ ಎಷ್ಟು ಪದ, ಪದಕ್ಕೆ ಎಷ್ಟು ಉಚ್ಚಾರಾಂಶ (ಸಿಲೆಬಲ್). 1975ರಲ್ಲಿ ಅಮೆರಿಕದ ನೌಕಾಪಡೆಗಾಗಿ ಅದನ್ನು ಮಾರ್ಪಡಿಸಿದಾಗಲೂ ಎಣಿಕೆ ಅದೇ. ಕೇಳಬೇಕಾದ ಮಾತು ಒಂಬತ್ತನೆಯ ಸಾಲಿನಲ್ಲಿ ಅಡಗಿ ಕೂತಿದೆಯೆಂದು ಆ ಲೆಕ್ಕಕ್ಕೆ ತಿಳಿಯುವುದು ಹೇಗೆ? ಅಷ್ಟಕ್ಕೂ ಈ ಅಂಕವನ್ನು ಮೈಕ್ರೋಸಾಫ್ಟ್ ವರ್ಡ್ ಕೂಡ ತೋರಿಸುತ್ತದೆ. ಅದನ್ನು ಚಂದಾ ಕಟ್ಟಿದ ಮೇಲೆ ನೋಡಿಕೊಂಡೆ.

ಚಾಟ್‌ಬಾಟ್ ಕೈಯಲ್ಲಿ ಬರೆಸುವುದನ್ನೂ ಒಂದು ವಾರ ನೋಡಿದೆ. ಎರಡು ಸಾಲಿನ ಕೋರಿಕೆ ಮೂರು ಪ್ಯಾರಾ ಆಗಿ ಹೋಗುತ್ತಿತ್ತು, ಅದನ್ನು ಪಡೆದವರು ಮತ್ತೊಂದು ಚಾಟ್‌ಬಾಟ್‌ಗೆ ಕೊಟ್ಟು ಎರಡು ಸಾಲಿಗೆ ಇಳಿಸಿಕೊಳ್ಳುತ್ತಿದ್ದರು.

ಈಗ ಪಕ್ಕದ ಮೇಜಿಗೆ ಬರೋಣ. ನನ್ನ ಸಹೋದ್ಯೋಗಿ ಒಂದು ಪದವನ್ನೂ ತಿದ್ದುವುದಿಲ್ಲ. ಇಮೇಲನ್ನು ಒಮ್ಮೆ ಓದಿ, ಪರದೆಯಿಂದ ಕಣ್ಣು ತೆಗೆದು, ತಾವು ಏನು ಮಾಡಬೇಕೆಂದು ಅರ್ಥವಾಯಿತೋ ಅದನ್ನು ಹೇಳುತ್ತಾರೆ. ನಮ್ಮ ಒಪ್ಪಂದವೇ ಅಷ್ಟು. ಮೊದಲ ದಿನ ಹೊಸ ಪ್ರಿಂಟರ್ ಬೇಕೆಂದು ಬರೆದಿದ್ದನ್ನು ಓದಿ ಅವರು, ‘ಹಳೆಯ ಪ್ರಿಂಟರ್ ಮೇಲೆ ನಿಮಗೆ ಬಹಳ ಕೋಪವಿದೆ ಅಂತ ಗೊತ್ತಾಯಿತು, ನಾನೇನು ಮಾಡಬೇಕು?’ ಎಂದರು. ವಿಷಯದ ಸಾಲಿನಲ್ಲಿ ‘ಪ್ರಿಂಟರ್ ಬಗ್ಗೆ’ ಎಂದಿತ್ತು. ಅದು ‘ಹೊಸ ಪ್ರಿಂಟರ್: ಬುಧವಾರದೊಳಗೆ ಒಪ್ಪಿಗೆ ಬೇಕು’ ಎಂದಾಯಿತು. ಕೋಪದ ಐದು ಸಾಲು ಹೋದವು. ಮಂಗಳವಾರವೇ ಒಪ್ಪಿಗೆ ಬಂತು.

ಇನ್ನೊಂದು ದಿನ ‘ಶುಕ್ರವಾರದವರೆಗೆ ಅಭಿಪ್ರಾಯ ಕಳಿಸಿ’ ಎಂದು ಬರೆದಿದ್ದೆ. ‘ದಿನಾ ಒಂದೊಂದು ಕಳಿಸುತ್ತಿರಬೇಕೇ?’ ಎಂದು ಕೇಳಿದರು. ತಂತ್ರಾಂಶ ಆ ಸಾಲಿಗೆ ಗೆರೆ ಎಳೆದಿರಲಿಲ್ಲ.

ಇದಕ್ಕೂ ತೊಡಕುಗಳಿವೆ. ಸಂಬಳ, ಶಿಸ್ತುಕ್ರಮದಂಥ ಗುಟ್ಟಿನ ಇಮೇಲ್‌ಗಳನ್ನು ಅವರಿಗೆ ತೋರಿಸುವಂತಿಲ್ಲ. ತಿಂಗಳ ಕೊನೆಯಲ್ಲಿ ಲೆಕ್ಕ ಮುಗಿಸುವ ಹೊತ್ತಿಗೆ ಅವರ ಬಳಿ ಸುಳಿಯುವಂತೆಯೇ ಇಲ್ಲ. ಪ್ರತಿಯಾಗಿ ಅವರ ಸುತ್ತೋಲೆಗಳನ್ನು ನಾನು ಓದಬೇಕು, ಒಂದೇ ಪುಟದಲ್ಲಿ ಮೂರು ಕೊನೆಯ ದಿನಾಂಕ ಕೊಡುವುದರಲ್ಲಿ ಅವರು ನಿಸ್ಸೀಮರು.

ದಿನಕ್ಕೆ ಹದಿನೈದಿಪ್ಪತ್ತು ಚಿಕ್ಕ ಇಮೇಲ್ ಬರೆಯುವ, ಚಂದಾ ಕಟ್ಟಲು ಕೈ ಹಿಂದೆಗೆಯುವ ನನ್ನಂಥವರಿಗೆ ಇದೇ ಸರಿ. ಉದ್ದುದ್ದ ವರದಿ ಬರೆಯುವವರಾದರೆ ಕಾಗುಣಿತಕ್ಕೆ ಯಾವುದಾದರೂ ತಂತ್ರಾಂಶದ ಉಚಿತ ಆವೃತ್ತಿ ಇಟ್ಟುಕೊಳ್ಳಿ, ಕರ್ಮಣಿಯ ಸಲಹೆಯನ್ನು ಮಾತ್ರ ಮೊದಲೇ ನಿಲ್ಲಿಸಿಬಿಡಿ. ನಾನು ಚಂದಾ ನವೀಕರಿಸಲಿಲ್ಲ. ಈ ವಾರ ಸಹೋದ್ಯೋಗಿ ರಜೆಯಲ್ಲಿದ್ದಾರೆ, ಡ್ರಾಫ್ಟ್‌ನಲ್ಲಿ ಮೂರು ಇಮೇಲ್‌ಗಳು ಸೋಮವಾರಕ್ಕಾಗಿ ಕಾದಿವೆ.