ಕೋವಿ ಸಿಕ್ಕಿಸುವ ಜಾಗದಲ್ಲಿ ಕೊಡೆ: 90 ಲೀಟರಿನ ಬೇಟೆ ಬ್ಯಾಗಿನ ಜೊತೆ ನಾಲ್ಕು ಮಳೆಗಾಲ

ನಾಲ್ಕು ವರ್ಷದ ಹಿಂದೆ ಅಕ್ಕನ ಮಗ ಅಮೆರಿಕದ ಕೊಲೊರಾಡೊದಿಂದ ಕಾಸರಗೋಡು ಜಿಲ್ಲೆಯ ಪೆರ್ಲದ ನಮ್ಮ ಮನೆಗೆ ಬಂದ. ಬೆನ್ನ ಮೇಲೆ ಹಸಿರು-ಕಂದು ಮಚ್ಚೆಯ ಒಂದು ದೈತ್ಯ ಬ್ಯಾಗ್. "ಮಾವ, ಗುಡ್ಡ ಹತ್ತುವ ಹುಚ್ಚು ನಿನಗೇ ಅಲ್ವಾ, ಇದು ನಿನಗೇ ಇರಲಿ" ಅಂದ. ಅವನ ಆಫೀಸಿನ ಗೆಳೆಯ ಎರಡು ಸೀಸನ್ ಬೇಟೆಗೆ ಬಳಸಿ, ಹೊಸದು ಕೊಂಡ ಮೇಲೆ ಇವನ ಕೈಗೆ ದಾಟಿಸಿದ್ದಂತೆ.

ಬೇಟೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಅಮ್ಮ ಅದನ್ನು ಅಂಗಳದಿಂದ ಮುಂದೆ ಬಿಡಲಿಲ್ಲ. ನಮ್ಮದು ಈರುಳ್ಳಿಗೂ ಮುಖ ಸಿಂಡರಿಸುವ ಮನೆ. ಅಂಟುವಾಳದ ನೀರಿನಲ್ಲಿ ಮೂರು ಸಲ ತೊಳೆದೆ. ಅಡಿಕೆ ಹರಡಿದ ಅಂಗಳದ ಒಂದು ಮೂಲೆಯಲ್ಲಿ ಎರಡು ದಿನ ಒಣಗಿಸಿದೆ. ಆಮೇಲೆ ಚಾವಡಿಯ ತನಕ ಪ್ರವೇಶ ಸಿಕ್ಕಿತು. ಒಳಗಿನ ಒಂದು ಹೊಲಿಗೆಯ ಹತ್ತಿರ ಕಂದು ಕಲೆ ಇನ್ನೂ ಇದೆ. ಅದು ಚಹಾದ ಕಲೆ ಎಂದು ಹೇಳಿದ್ದೇನೆ.

ಕಂಪನಿಯ ಹೆಸರು ಕೇಳಬೇಡಿ. ಆ ಮಾಡೆಲ್ ನಮ್ಮಲ್ಲಿ ಸಿಗುವುದೂ ಇಲ್ಲ. ಆದರೆ ಬ್ಯಾಗಿನ ಗಾತ್ರ ಎಂದರೇನು ಅಂತ ನನಗೆ ಅರ್ಥವಾದದ್ದು ಈ ಬ್ಯಾಗಿನಿಂದ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ಗೊಂದಲ ಟ್ಯಾಗಿನಲ್ಲೇ ಶುರುವಾಯಿತು. 5500 ಎಂದು ಬರೆದಿತ್ತು. ಬೆಲೆಯೋ ಏನೋ ಅಂದುಕೊಂಡೆ. ಅದು ಘನ ಇಂಚಿನ ಲೆಕ್ಕ. ಒಂದು ಲೀಟರಿಗೆ ಸುಮಾರು 61 ಘನ ಇಂಚು, ಅಂದರೆ 90 ಲೀಟರ್. ಅಮೆರಿಕದ ಬೇಟೆ ಬ್ಯಾಗುಗಳ ಅಳತೆಯನ್ನು ಹೆಚ್ಚಾಗಿ ಹೀಗೇ ಹೇಳುತ್ತಾರೆ. ನಮ್ಮ ಅಂಗಡಿಗಳಲ್ಲಿ ಟ್ರೆಕ್ಕಿಂಗ್‌ಗೆ ಕೊಡುವುದು 50, 60, ಜಾಸ್ತಿ ಎಂದರೆ 70. ಈ 90 ಯಾಕೆ ಅಂತ ಹುಡುಗನನ್ನು ಕೇಳಿದೆ.

ಅವನು ಹೇಳಿದ್ದು ಇಷ್ಟು. ಅಲ್ಲಿ ಬೇಟೆಗೆ ಲೈಸೆನ್ಸ್ ಇದೆ, ಸೀಸನ್ ಇದೆ. ನಾಲ್ಕೈದು ದಿನ ಕಾಡಿನೊಳಗೇ ಟೆಂಟ್ ಹಾಕಿ ಇರುತ್ತಾರೆ. ಅಕ್ಟೋಬರ್, ನವೆಂಬರಿನ ರಾತ್ರಿಗಳಲ್ಲಿ ಹಿಮ ಬೀಳುತ್ತದೆ. ದಪ್ಪ ಸ್ಲೀಪಿಂಗ್ ಬ್ಯಾಗ್, ದಪ್ಪ ಬಟ್ಟೆ ಬೇಕು, ಅವಕ್ಕೆಲ್ಲ ಜಾಗವೂ ಬೇಕು. ಬೇಟೆ ಸಿಕ್ಕಿತೋ, ನಿಜವಾದ ಕೆಲಸ ಆಗ ಶುರು. ಎಲ್ಕ್ ಎನ್ನುವುದು ನಮ್ಮ ಕಡವೆಗಿಂತ ತುಸು ದೊಡ್ಡ ಜಿಂಕೆ. ಎಲುಬು ಬಿಡಿಸಿದ ಮೇಲೂ ಮಾಂಸ 80 ಕೆಜಿಯಷ್ಟು ಆಗಬಹುದು. ತಿನ್ನುವ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರಲು ಕಾನೂನು ಬಿಡುವುದಿಲ್ಲ. ಒಬ್ಬನೇ ಆದರೆ ಮೂರು ನಾಲ್ಕು ಸಲ ಹೊತ್ತು ತರಬೇಕು. ಅದಕ್ಕೆಂದೇ ಈ ಬ್ಯಾಗಿನಲ್ಲಿ ಚೀಲ ಬೇರೆ, ಫ್ರೇಮ್ ಬೇರೆ. ಪಟ್ಟಿ ಸಡಿಲಿಸಿದರೆ ಎರಡರ ನಡುವೆ ಒಂದು ಅಟ್ಟಣೆ ತೆರೆದುಕೊಳ್ಳುತ್ತದೆ. ಮಾಂಸದ ಮೂಟೆಯನ್ನು ಅಲ್ಲಿ, ಬೆನ್ನಿಗೆ ಒತ್ತಿದ ಹಾಗೆ ಕಟ್ಟುತ್ತಾರೆ.

ಅಂದರೆ ಬೇಟೆಗಾರ ಹೋಗುವಾಗ ಹಗುರ, ಬರುವಾಗ ಭಾರ. ಟ್ರೆಕ್ಕಿಂಗ್‌ನವರದ್ದು ಉಲ್ಟಾ. ಅಕ್ಕಿ, ಅವಲಕ್ಕಿ, ಬೇಳೆ ಹೊತ್ತು ಹೋಗುತ್ತೇವೆ, ತಿಂದು ಮುಗಿಸಿ ಖಾಲಿ ಚೀಲದಲ್ಲಿ ಬರುತ್ತೇವೆ. 90 ಲೀಟರ್ ಅವರಿಗೆ ಸರಿ, ನಮಗೆ ತಪ್ಪು. ಇದು ಗೊತ್ತಾಗಲು ನನಗೆ ಒಂದು ಮಂಡಿಯೇ ಬೇಕಾಯಿತು.

2022ರ ಮೇ ತಿಂಗಳು. ನಾವು ನಾಲ್ವರು ಉತ್ತರಾಖಂಡದ ಹರ್ ಕಿ ದೂನ್‌ಗೆ ಹೊರಟೆವು. ಸುಮಾರು 3500 ಮೀಟರ್ ಎತ್ತರದ ಕಣಿವೆ ಅದು. ಒಟ್ಟು ಆರು ದಿನದ ನಡಿಗೆ. ಸಾಮಾನು ನಾವೇ ಹೊರುವುದು ಎಂದು ತೀರ್ಮಾನ. ಹಿಂದಿನ ರಾತ್ರಿ ಬ್ಯಾಗ್ ತುಂಬಲು ಕುಳಿತೆ. ಎಷ್ಟು ಹಾಕಿದರೂ ತುಂಬುವುದಿಲ್ಲ. ಜಾಗ ಇದೆಯಲ್ಲ ಅಂತ ಎರಡನೇ ಹೊದಿಕೆ ಹಾಕಿದೆ. ಜಾಗ ಇದೆಯಲ್ಲ ಅಂತ ಸ್ಟೀಲಿನ ಡಬ್ಬಿ ಹಾಕಿದೆ. ಅಮ್ಮ ಮಾಂಬಳ, ಸಾಂತಾಣಿ, ಒಂದು ಭರಣಿ ಮಿಡಿ ಉಪ್ಪಿನಕಾಯಿ ಕೊಟ್ಟರು. ಅದಕ್ಕೂ ಜಾಗ ಇತ್ತು! ಅಡಿಕೆ ತೂಗುವ ತಕ್ಕಡಿಗೆ ಸಿಕ್ಕಿಸಿದಾಗ 22 ಕೆಜಿ. ಅಡಿಕೆ ಗೋಣಿ ಹೊತ್ತವನಿಗೆ ಇದೆಲ್ಲ ಯಾವ ಲೆಕ್ಕ ಅಂದುಕೊಂಡೆ.

ಗೋಣಿಯನ್ನು ನಾವು ಹೊರುವುದು ಅಂಗಳದಿಂದ ಜೀಪಿನ ತನಕ. ಅದು ನೆನಪಾಗಲಿಲ್ಲ.

ಕಾಸರಗೋಡಿನಿಂದ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದಾಗಲೇ ಮೊದಲ ಪಾಠ. ಬ್ಯಾಗ್ ಬರ್ತಿನ ಅಡಿಗೆ ಹೋಗಲಿಲ್ಲ. ಎರಡು ರಾತ್ರಿ ಅದನ್ನು ಕಾಲಿನ ಬುಡದಲ್ಲಿಟ್ಟು ಮುದುಡಿ ಮಲಗಿದೆ. ನಡಿಗೆಯ ಮೊದಲ ದಿನ ನದಿಯ ಪಕ್ಕದ ದಾರಿ, ಏರಿಳಿತ ಅಷ್ಟೊಂದಿಲ್ಲ, ಹೇಗೋ ಸಾಗಿತು. ಎರಡನೇ ದಿನ ಒಂದು ಇಳಿಜಾರಿನಲ್ಲಿ ಬಲ ಮಂಡಿ ಚುಳ್ ಅಂತು. ನನ್ನ ತೂಕ 68 ಕೆಜಿ. ಹೊರೆ ಮೈತೂಕದ ಐದನೇ ಒಂದು ಭಾಗ, ಹೆಚ್ಚೆಂದರೆ ಕಾಲು ಭಾಗ ಇರಬೇಕು ಎನ್ನುತ್ತಾರೆ. ನನಗೆ 14ರಿಂದ 17. ನಾನು ಹೊತ್ತದ್ದು ಹತ್ತಿರ ಹತ್ತಿರ ಮೂರನೇ ಒಂದು ಭಾಗ. ಕೊನೆಗೆ ಹಳ್ಳಿಯೊಂದರಲ್ಲಿ ಹೇಸರಗತ್ತೆ ಬಾಡಿಗೆಗೆ ಹಿಡಿದೆ. ಉಪ್ಪಿನಕಾಯಿ ಭರಣಿ ಹೇಸರಗತ್ತೆಯ ಬೆನ್ನ ಮೇಲೆ ಹರ್ ಕಿ ದೂನ್ ನೋಡಿಕೊಂಡು ಬಂತು.

ಬ್ಯಾಗಿನ ತಪ್ಪೇನೂ ಇಲ್ಲ ಇದರಲ್ಲಿ. 22 ಕೆಜಿಗೆ ಅದರ ಫ್ರೇಮ್ ಕಿರ್ರೆನ್ನಲಿಲ್ಲ. ಹೆಗಲು ನೋಯಲಿಲ್ಲ, ನೋವೆಲ್ಲ ಮಂಡಿಗೇ. ಇದು ಮುಖ್ಯ, ಯಾಕೆಂದರೆ ಅದಕ್ಕಿಂತ ಮೊದಲು ನನ್ನ ಹತ್ತಿರ ಇದ್ದ 60 ಲೀಟರಿನ ಬ್ಯಾಗ್ 12 ಕೆಜಿಗೇ ಹೆಗಲು ಕಿತ್ತುಹಾಕುತ್ತಿತ್ತು. ಕುಮಾರಪರ್ವತದಿಂದ ಇಳಿದು ಬಂದು ಎರಡು ದಿನ ಅಂಗಿ ಹಾಕಿಕೊಳ್ಳಲು ಕೈ ಎತ್ತಲಾಗಿರಲಿಲ್ಲ. ಅಂಗಡಿಯವನು ನನ್ನ ಎತ್ತರ ನೋಡಿ ದೊಡ್ಡ ಸೈಜ್ ಕೊಟ್ಟಿದ್ದ. ನಾನು ಐದಡಿ ಹತ್ತಿಂಚು. ಆದರೆ ನನ್ನ ಉದ್ದ ಎಲ್ಲ ಕಾಲಿನಲ್ಲಿದೆ, ಬೆನ್ನು ಗಿಡ್ಡ.

ಲೀಟರ್ ನೋಡುವ ಮೊದಲು ಬೆನ್ನು ಅಳೆಯಿರಿ. ತಲೆ ಬಗ್ಗಿಸಿ ಕುತ್ತಿಗೆಯ ಹಿಂದೆ ಕೈಯಾಡಿಸಿದರೆ ಒಂದು ಎಲುಬು ಗಂಟಿನ ಹಾಗೆ ಸಿಗುತ್ತದೆ. ಅದು ಮೇಲಿನ ಗುರುತು. ಎರಡೂ ಕೈ ಸೊಂಟದ ಎಲುಬಿನ ಮೇಲಿಟ್ಟು ಹೆಬ್ಬೆರಳನ್ನು ಬೆನ್ನಿನ ಕಡೆ ಚಾಚಿ. ಹೆಬ್ಬೆರಳುಗಳ ನೇರಕ್ಕೆ ಬೆನ್ನುಮೂಳೆ ಸಿಗುವ ಜಾಗ ಕೆಳಗಿನ ಗುರುತು. ಎರಡರ ನಡುವೆ ದರ್ಜಿಯ ಟೇಪ್ ಹಿಡಿಯಬೇಕು. ಒಬ್ಬರಿಂದಲೇ ಆಗುವ ಕೆಲಸ ಅಲ್ಲ. ನನಗೆ ಹೆಂಡತಿ ಅಳೆದಳು, ಹದಿನೇಳೂವರೆ ಇಂಚು. ಹಳೇ ಬ್ಯಾಗ್ ಇಪ್ಪತ್ತು ಇಂಚಿನ ಬೆನ್ನಿಗೆ ಮಾಡಿದ್ದು. ಸೊಂಟದ ಪಟ್ಟಿ ಕೆಳಗೆ ಜಾರಿ, ಭಾರ ಪೂರ್ತಿ ಹೆಗಲಿಗೆ ಬೀಳುತ್ತಿತ್ತು.

ಸರಿಯಾಗಿ ಕೂತ ಬ್ಯಾಗಿನ ಭಾರದಲ್ಲಿ ಬಹುಪಾಲು ಸೊಂಟಕ್ಕೆ ಹೋಗಬೇಕು. ಹೆಗಲ ಪಟ್ಟಿ ಬ್ಯಾಗ್ ಹಿಂದಕ್ಕೆ ವಾಲದ ಹಾಗೆ ಹಿಡಿದರೆ ಸಾಕು. ಸೊಂಟದ ಪಟ್ಟಿ ಹೊಟ್ಟೆಯ ಮೇಲೆ ಕೂರಬಾರದು, ಎಲುಬಿನ ಅಂಚನ್ನು ತಬ್ಬಬೇಕು. ಬಿಗಿದ ಮೇಲೆ ಹೆಗಲ ಪಟ್ಟಿಯ ಅಡಿಗೆ ಎರಡು ಬೆರಳು ಹಾಕಿ ನೋಡಿ. ಸಲೀಸಾಗಿ ಹೋದರೆ ಸರಿ ಇದೆ. ಹೆಗಲಿನಿಂದ ಬ್ಯಾಗಿನ ತಲೆಗೆ ಹೋಗುವ ಚಿಕ್ಕ ಪಟ್ಟಿ 45 ಡಿಗ್ರಿಯಷ್ಟು ಓರೆ ಇರಬೇಕು. ಈ ಬೇಟೆ ಬ್ಯಾಗಿನಲ್ಲಿ ಬೆನ್ನಿನ ಉದ್ದವನ್ನು ಮೇಲೆ ಕೆಳಗೆ ಸರಿಸಬಹುದು. ನಾನು ಅದಕ್ಕೆ ಐದರಲ್ಲಿ ಐದು ನಕ್ಷತ್ರ ಕೊಡುವುದು ಈ ಒಂದೇ ವಿಷಯಕ್ಕೆ.

ಅಂಗಡಿಯಲ್ಲಿ ಖಾಲಿ ಬ್ಯಾಗ್ ಹಾಕಿ ಕನ್ನಡಿ ನೋಡುವುದರಿಂದ ಏನೂ ಗೊತ್ತಾಗುವುದಿಲ್ಲ. ಹತ್ತು ಕೆಜಿ ಏನಾದರೂ ತುಂಬಿಸಿ ಅಂತ ಕೇಳಿ. ಮುಖ ಸಣ್ಣ ಮಾಡಿದರೆ ಬೇರೆ ಅಂಗಡಿಗೆ ಹೋಗಿ.

ಇನ್ನು ಲೀಟರ್. ಒಂದು ಮಧ್ಯಾಹ್ನ ಕೆಲಸ ಇಲ್ಲದೆ ಸುಮ್ನೆ ಅಳೆದೆ. ಹತ್ತು ಲೀಟರಿನ ಬಕೆಟ್ ತಗೊಂಡು ಸಿಪ್ಪೆಗೋಟು ಅಡಿಕೆ ಸುರಿಯುತ್ತಾ ಹೋದೆ. ದೊಡ್ಡ ಚೀಲಕ್ಕೆ ಏಳು ಬಕೆಟ್ ಹಿಡಿಯಿತು, ತಲೆಯ ಚೀಲ ಮತ್ತು ಪಕ್ಕದ ಕಿಸೆಗಳಿಗೆ ಇನ್ನೊಂದೂವರೆ. ಮನೆಯವರು ನಕ್ಕರು. ಆದರೆ ಅಳತೆಯ ಅಧಿಕೃತ ಕ್ರಮವೂ ಹೆಚ್ಚುಕಡಿಮೆ ಇದೇ, ಅವರು ಸಣ್ಣ ಪ್ಲಾಸ್ಟಿಕ್ ಗುಂಡುಗಳನ್ನು ಸುರಿಯುತ್ತಾರೆ ಅಷ್ಟೆ. ಕೆಲವು ಕಂಪನಿಗಳು ಹೊರಗಿನ ಜಾಲರಿ ಕಿಸೆಯನ್ನೂ ಲೆಕ್ಕಕ್ಕೆ ಸೇರಿಸುತ್ತವೆ. ಆದ್ದರಿಂದ ಒಂದು ಕಂಪನಿಯ 60 ಇನ್ನೊಂದರ 55 ಆಗಿರಬಹುದು.

ಅದೇ ಬಕೆಟಿನಲ್ಲಿ ನನ್ನ ಸಾಮಾನನ್ನೂ ಅಳೆದೆ. ಹಿಮಾಲಯದ ಸ್ಲೀಪಿಂಗ್ ಬ್ಯಾಗ್ ಒಂದೇ ಒಂದು ಬಕೆಟಿಗಿಂತ ಜಾಸ್ತಿ. ನಮ್ಮ ಘಟ್ಟದ ಚಳಿಗೆ ಸಾಕಾಗುವ ತೆಳು ಹೊದಿಕೆ ಬಕೆಟಿನ ಕಾಲು ಭಾಗವೂ ಇಲ್ಲ. ಅಂದರೆ ಬ್ಯಾಗಿನ ಗಾತ್ರ ದಿನಗಳಿಗಿಂತ ಚಳಿಯನ್ನು ನೋಡಿಕೊಂಡು ಹೆಚ್ಚುತ್ತದೆ. ಒಣ ಆಹಾರ ದಿನಕ್ಕೆ ಮುಕ್ಕಾಲು ಕೆಜಿ ಹಿಡಿದರೂ ಐದು ದಿನಕ್ಕೆ ನಾಲ್ಕು ಕೆಜಿ. ಅದು ಅಷ್ಟೇನೂ ಜಾಗ ತಿನ್ನುವುದಿಲ್ಲ. ನೀರು ಲೀಟರಿಗೆ ಒಂದು ಕೆಜಿ, ಅದರಲ್ಲಿ ಚೌಕಾಸಿ ಇಲ್ಲ. ನನ್ನ ಅನುಭವದಲ್ಲಿ ಒಂದು ರಾತ್ರಿಗೆ 40 ಲೀಟರ್ ಧಾರಾಳ. ಟೆಂಟ್ ಸೇರಿಸಿ ಎರಡು ಮೂರು ರಾತ್ರಿಗೆ 50-55. ಹಿಮದ ಚಳಿಯಲ್ಲಿ ಐದಾರು ರಾತ್ರಿಗೆ 60-65. ಅದಕ್ಕಿಂತ ಮೇಲೆ ಬೇಕಾದರೆ ಒಂದೋ ನೀವು ಎಲ್ಕ್ ಹೊರಬೇಕು, ಇಲ್ಲವೇ ಅಮ್ಮನ ಮಾತು ಕೇಳಿರಬೇಕು.

ಈಗ ನಾನು ಇದೇ ಬ್ಯಾಗನ್ನು ತಲೆಯ ಚೀಲ ಕಳಚಿ, ಪಕ್ಕದ ಪಟ್ಟಿಗಳನ್ನು ಎಳೆದು 55ಕ್ಕೆ ಇಳಿಸಿಕೊಂಡು ಬಳಸುತ್ತೇನೆ. ಆದರೆ ಖಾಲಿ ಬ್ಯಾಗಿನ ತೂಕ 2.9 ಕೆಜಿ. ಹಳೆಯದ್ದು 1.8. ಒಂದು ಕೆಜಿ ಸುಮ್ನೆ ಹೊತ್ತುಕೊಂಡು ತಿರುಗಿದ ಹಾಗೆ.

ನಮ್ಮೂರಿನ ಮಳೆಗೆ ಇದು ತಯಾರಾದದ್ದಲ್ಲ. ಕೊಲೊರಾಡೊ ಒಣ ಊರು. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ. ಎರಡನೇ ಆಟಿಯಲ್ಲಿ (ನಮ್ಮ ಕಡೆಯ ಜಡಿಮಳೆಯ ತಿಂಗಳು) ಬೆನ್ನಿನ ಸ್ಪಂಜಿಗೆ ಬೂಷ್ಟು ಹಿಡಿಯಿತು. ಮೂರನೆಯದರಲ್ಲಿ ಒಳಗಿನ ನೀರು ತಡೆಯುವ ಲೇಪ ಅಂಟಂಟಾಗಿ, ಹಾವಿನ ಪೊರೆಯ ಹಾಗೆ ಎದ್ದು ಬಂತು. ಅದು ಪಾಲಿಯುರಿಥೇನ್ ಲೇಪ. ತೇವ ಮತ್ತು ಸೆಕೆಯಲ್ಲಿ ಅದು ತಾನಾಗಿಯೇ ಕೊಳೆಯುತ್ತದೆ, ಬಳಸದೆ ಇಟ್ಟರೂ ಅಷ್ಟೆ. ಆಮೇಲಿಂದ ಒಳಗೆ ಗೊಬ್ಬರದ ಗೋಣಿಯಲ್ಲಿ ಬರುವ ದಪ್ಪ ಪ್ಲಾಸ್ಟಿಕ್ ಚೀಲ ತೊಳೆದು ಹಾಕುತ್ತೇನೆ. ಖರ್ಚಿಲ್ಲ. ಹೊರಗಿನ ಮಳೆ ಕವರಿಗಿಂತ ನೂರು ಪಾಲು ಮೇಲು, ಯಾಕೆಂದರೆ ನೀರು ಬೆನ್ನಿನ ಕಡೆಯಿಂದ ಇಳಿಯುವುದನ್ನು ಕವರ್ ತಡೆಯುವುದಿಲ್ಲ. ಮಳೆಗಾಲದಲ್ಲಿ ಬ್ಯಾಗ್ ಅಡುಗೆಮನೆಯ ಮೇಲಿನ ಅಟ್ಟದಲ್ಲಿರುತ್ತದೆ. ಹೊಗೆಯ ವಾಸನೆ ಹಿಡಿದಿದೆ, ಬೂಷ್ಟು ಇಲ್ಲ. ಒಂದು ಬಕ್ಕಲ್ ಬಸ್ಸಿನ ಬಾಗಿಲಿಗೆ ಸಿಕ್ಕಿ ಮುರಿಯಿತು. ಪೇಟೆಯ ಬ್ಯಾಗ್ ರಿಪೇರಿಯವನು 60 ರೂಪಾಯಿಗೆ ಬೇರೆ ಹಾಕಿಕೊಟ್ಟ.

ಬಣ್ಣದ ಬಗ್ಗೆ ಒಂದು ಮಾತು. ಈ ಮಚ್ಚೆ ಮಚ್ಚೆ ಬ್ಯಾಗ್ ನಮ್ಮ ಕಾಡಿಗೆ ಬೇಡ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನಮ್ಮಲ್ಲಿ ಬೇಟೆ ಅಪರಾಧ. ತೋಟ ಹಾಳು ಮಾಡುವ ಕಾಡುಹಂದಿಗೆ ಗುಂಡು ಹೊಡೆಸುವ ಅಧಿಕಾರವನ್ನು 2022ರಲ್ಲಿ ಕೇರಳದ ಪಂಚಾಯತುಗಳಿಗೆ ಕೊಟ್ಟದ್ದು ನಿಜ, ಆದರೆ ಅದು ಬೇಟೆ ಅಲ್ಲ, ಅದಕ್ಕೆ ಅದರದ್ದೇ ಕಾಗದಪತ್ರ ಇದೆ. ರಾಣಿಪುರಂ ಗುಡ್ಡ ಹತ್ತಲು ಹೋದಾಗ ಗೇಟಿನ ವಾಚರ್ ಬ್ಯಾಗನ್ನು ಸುತ್ತಲೂ ನೋಡಿದ. ಪಕ್ಕದಲ್ಲಿ ಕೋವಿ ಸಿಕ್ಕಿಸುವ ಉದ್ದ ಕಿಸೆ ಅವನ ಕಣ್ಣಿಗೆ ಬಿತ್ತು. "ತೋಕ್ಕ್ ಎವಿಡೆ?" ಅಂದ. ಕೋವಿ ಎಲ್ಲಿ ಅಂತ. ನಾನು ಅದರಿಂದ ಉದ್ದ ಹಿಡಿಯ ಕಪ್ಪು ಕೊಡೆ ಎಳೆದು ತೋರಿಸಿದೆ. ಇಬ್ಬರೂ ನಕ್ಕೆವು, ಆದರೂ ಬ್ಯಾಗ್ ಪೂರ್ತಿ ಬಿಚ್ಚಿಸಿದ.

ಹೊಸದಾಗಿ ಕೊಳ್ಳುವವರು ಕೇಳಿದರೆ, ಬೆನ್ನಿನ ಉದ್ದ ಸರಿಸಬಹುದಾದ 55 ಅಥವಾ 60 ಲೀಟರಿನ ಸಾದಾ ಟ್ರೆಕ್ಕಿಂಗ್ ಬ್ಯಾಗ್ ತಗೊಳ್ಳಿ ಎನ್ನುತ್ತೇನೆ. ನಾನು ಮಾತ್ರ ಇದನ್ನು ಯಾರಿಗೂ ಕೊಡುವುದಿಲ್ಲ. ಕಾರಣ ಆ ಅಟ್ಟಣೆ. ಗುಡ್ಡದ ಮೇಲಿನ ಮರದಿಂದ ಹಲಸಿನಹಣ್ಣು ತರಲು ಅದಕ್ಕಿಂತ ಒಳ್ಳೆಯ ಉಪಕರಣ ಇಲ್ಲ. ಗೋಣಿ ಸುತ್ತಿ, ಫ್ರೇಮಿಗೂ ಚೀಲಕ್ಕೂ ನಡುವೆ ಕೂರಿಸಿ, ಪಟ್ಟಿ ಎಳೆದರೆ 14 ಕೆಜಿಯ ಹಣ್ಣು ಬೆನ್ನಿಗೆ ಅಂಟಿಕೊಂಡು ಬರುತ್ತದೆ. ಎರಡೂ ಕೈ ಖಾಲಿ. ಈಗ ಅಮ್ಮನೇ "ಆ ಬ್ಯಾಗ್ ತಗೊಂಡು ಹೋಗು" ಅನ್ನುತ್ತಾರೆ.

ಹೋದ ವರ್ಷ ಹಲಸಿನಹಣ್ಣು ಕಟ್ಟಿದ ಬ್ಯಾಗಿನ ಫೋಟೋ ತೆಗೆದು ಅಕ್ಕನ ಮಗನಿಗೆ ಕಳಿಸಿದೆ. ಅವನು ಅದನ್ನು ಹಳೇ ಯಜಮಾನನಿಗೆ ತೋರಿಸಿದನಂತೆ. ಆ ಮನುಷ್ಯ ಫೋಟೋ ದೊಡ್ಡದು ಮಾಡಿ ನೋಡಿ, ಇದು ಯಾವ ಪ್ರಾಣಿ ಅಂತ ಕೇಳಿದನಂತೆ.