ಗೋಡಂಬಿ ಆಕಾರದ ಈಜುಕೊಳಕ್ಕೆ ಯಾವ ಸೋಲಾರ್ ಕವರ್? ಇಡೀ ಹಾಳೆ, ತುಂಡು ಹಾಳೆ, ಬಿಲ್ಲೆ, ದ್ರವ

ಸೋಲಾರ್ ಕವರ್ ಎಂದರೆ ಕೊಳದ ಶಾಖ ಹೋಗದಂತೆ ನೀರಿನ ಮೇಲೆ ತೇಲಿಬಿಡುವ ಹೊದಿಕೆ. ಆಯತಾಕಾರದ ಕೊಳವಾದರೆ ಅಳತೆಗೆ ತಕ್ಕ ಹಾಳೆ ತರಿಸಿ ಒಂದು ತುದಿಗೆ ರೋಲರ್ ಕೂರಿಸಿದರೆ ಕೆಲಸ ಮುಗಿಯಿತು. ಗೋಡಂಬಿಯಂತೆ ಬಾಗಿದ, ಎಲ್ ಆಕಾರದ ಅಥವಾ ನಡುವೆ ಬಂಡೆ ಇರುವ ಕೊಳದಲ್ಲಿ ಈ ಲೆಕ್ಕ ಕೆಡುತ್ತದೆ. ನಾಲ್ಕೂ ಬಗೆಗಳನ್ನು ಇಂಥ ಕೊಳಗಳ ಮೇಲೆ ಹಾಕಿ ತೆಗೆದು ನೋಡಿದ ಮೇಲೆ ನಮ್ಮ ಮೊದಲ ಆಯ್ಕೆ ಎರಡು ಮೂರು ತುಂಡು ಮಾಡಿದ ಗುಳ್ಳೆ ಹಾಳೆ, ಅಂದರೆ ಒಂದು ಬದಿಯಲ್ಲಿ ಗಾಳಿಗುಳ್ಳೆಗಳಿರುವ ಪ್ಲಾಸ್ಟಿಕ್ ಹಾಳೆ. ದಿನವೂ ಸಂಜೆ ಬೇಸರವಿಲ್ಲದೆ ಹಾಸಬಹುದಾದದ್ದು ಅದೊಂದೇ.

ಕೊಳದ ಶಾಖ ಹೆಚ್ಚಾಗಿ ಹೋಗುವುದು ಆವಿಯ ದಾರಿಯಲ್ಲಿ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೌಲ್ ಶಾಖ ಬೇಕು. ಒಂದು ಮೀಟರ್ ಆಳದ ಕೊಳದಲ್ಲಿ ನೀರು 5 ಮಿಲಿಮೀಟರ್ ಇಳಿಯಿತೆಂದರೆ, ಹೊರಗಿನಿಂದ ಶಾಖ ಸೇರದಿದ್ದರೆ, ಉಳಿದ ನೀರು ಹೆಚ್ಚುಕಡಿಮೆ 3 ಡಿಗ್ರಿ ತಣಿಯುತ್ತದೆ. ಹಾಗಾಗಿ ಕವರ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಬಕೆಟ್ ಇಟ್ಟು ನೋಡಬಹುದು. ಬಕೆಟ್‌ಗೆ ಕೊಳದ ನೀರನ್ನೇ ತುಂಬಿ, ಬಾಯಿ ನೀರಿನಿಂದ ಮೇಲೆ ಇರುವಂತೆ ಮೆಟ್ಟಿಲ ಮೇಲಿಡಿ. ಅಷ್ಟು ಜಾಗದಲ್ಲಿ ಮಾತ್ರ ಕವರ್ ಸರಿಸಿ, ಬಕೆಟ್‌ನ ಒಳಗೂ ಹೊರಗೂ ನೀರಿನ ಮಟ್ಟ ಗುರುತು ಮಾಡಿ. ಪಂಪನ್ನೂ ನೀರು ತುಂಬುವ ವಾಲ್ವನ್ನೂ ನಿಲ್ಲಿಸಿ 24 ಗಂಟೆ ಬಿಟ್ಟು ನೋಡಿ. ತೆರೆದ ಬಕೆಟ್‌ನ ನೀರು ಎಷ್ಟು ಇಳಿದಿದೆ, ಮುಚ್ಚಿದ ಕೊಳದ್ದು ಎಷ್ಟು, ಆ ವ್ಯತ್ಯಾಸವೇ ಕವರ್‌ನ ಗಳಿಕೆ. ಕೊಳವೇ ಹೆಚ್ಚು ಇಳಿದಿದ್ದರೆ ಕವರ್ ಬಿಟ್ಟು ಸೋರಿಕೆ ಹುಡುಕಿ.

ಮುಚ್ಚುವ ವಿಷಯದಲ್ಲಿ ಇಡೀ ಹಾಳೆಯನ್ನು ಮೀರಿಸುವುದು ಯಾವುದೂ ಇಲ್ಲ. ತೊಂದರೆ ಇರುವುದು ತೆಗೆಯುವಾಗ. 400 ಮೈಕ್ರಾನ್ ದಪ್ಪದ ಹಾಳೆ 50 ಚದರ ಮೀಟರ್‌ಗೆ ಒಣಗಿದಾಗಲೇ ಸುಮಾರು 18 ಕಿಲೋ ತೂಗುತ್ತದೆ, ಮೇಲೆ ನಿಂತ ನೀರು ಬೇರೆ. ರೋಲರ್ ಕೊಳದ ಅತಿ ಅಗಲದ ಭಾಗಕ್ಕೆ ಸಾಲುವಷ್ಟು ಉದ್ದವಿರಬೇಕು. ಅಂಚು ಬಾಗಿರುವುದರಿಂದ ಹಾಳೆಯನ್ನು ರೋಲರ್‌ಗೆ ಕಟ್ಟುವ ಪ್ರತಿ ಪಟ್ಟಿಯ ಉದ್ದ ಬೇರೆ ಬೇರೆ; ಒಂದು ಸಡಿಲವಾದರೂ ಸುತ್ತು ಓರೆಯಾಗುತ್ತದೆ. ಎಲ್ ಆಕಾರದಲ್ಲಂತೂ ಪಕ್ಕದ ತೋಳಿನ ಹಾಳೆ ಮೂಲೆ ತಿರುಗದೆ ಕಟ್ಟೆಯ ಮೇಲೆ ಎಳೆದಾಡಿ, ಅಲ್ಲಿನ ಮಣ್ಣನ್ನೆಲ್ಲ ನೀರಿಗೆ ತರುತ್ತದೆ.

ಅದೇ ಹಾಳೆಯನ್ನು ಕೊಳದ ಸೊಂಟ ಸಣ್ಣದಾಗುವಲ್ಲಿ ಕತ್ತರಿಸಿದರೆ ಈ ಕಷ್ಟಗಳು ಬಹುಪಾಲು ಹೋಗುತ್ತವೆ. ಕತ್ತರಿಸಲು ಆತುರ ಬೇಡ. ಗುಳ್ಳೆಗಳು ಕೆಳಮುಖವಾಗಿರುವಂತೆ ಹಾಳೆಯನ್ನು ನೀರಿನ ಮೇಲೆ ಹರಡಿ, ಎರಡು ಮೂರು ದಿನ ಬಿಸಿಲಿಗೆ ಬಿಡಿ. ಮಡಿಕೆಗಳು ಬಿಚ್ಚಿಕೊಂಡು ಹಾಳೆ ತುಸು ಕುಗ್ಗುತ್ತದೆ. ಮೊದಲ ದಿನವೇ ಕತ್ತರಿಸಿದರೆ ವಾರದಲ್ಲಿ ಸುತ್ತಲೂ ಸಂದು ಕಾಣುತ್ತದೆ. ಮೊದಲ ಸುತ್ತಿನಲ್ಲಿ 5 ಸೆಂಟಿಮೀಟರ್ ಹೆಚ್ಚು ಬಿಟ್ಟು, ಎರಡನೇ ಸುತ್ತಿನಲ್ಲಿ ಗೋಡೆಗೆ ತಾಗುವಂತೆ ಸವರಿ. ಅಂಚು ಕಟ್ಟೆಯ ಮೇಲೆ ಹತ್ತಿದರೆ ಗಾಳಿ ಒಳಹೊಕ್ಕು ಹಾಳೆಯನ್ನು ಎತ್ತುತ್ತದೆ. ಕತ್ತರಿ ಆದಷ್ಟೂ ಗುಳ್ಳೆಗಳ ಸಾಲಿನ ನಡುವೆ ಹೋಗಲಿ, ಒಡೆದ ಗುಳ್ಳೆಯಲ್ಲಿ ನೀರು ತುಂಬಿ ಅಂಚಿನ ತೇಲುವ ಶಕ್ತಿ ಕುಗ್ಗುತ್ತದೆ. ಏಣಿ ಇರುವಲ್ಲಿ ಸೀಳು ಸಾಕು, ತೂತು ಬೇಡ. ತುಂಡುಗಳು ಅಂಚಿಗೆ ಅಂಚು ತಾಗಿ ತೇಲಬೇಕು. ಒಂದರ ಮೇಲೊಂದು ಹಾಸಿದರೆ ಮೇಲಿನದು ಗಾಳಿಗೆ ಮಗುಚುತ್ತದೆ. ಸೇರುವ ಗೆರೆಯ ಎರಡು ತುದಿಗೂ ರಿಂಗ್ ಹೊಡೆದು ನೈಲಾನ್ ದಾರ ಕಟ್ಟಿದರೆ ಸಾಕು.

ಬಿಲ್ಲೆಗಳೆಂದರೆ ಸುಮಾರು 1.5 ಮೀಟರ್ ಅಗಲದ, ಅಂಚಿಗೆ ಆಯಸ್ಕಾಂತ ಇಟ್ಟ ತೇಲುವ ಚಕ್ರಗಳು. ಒಂದರ ವಿಸ್ತೀರ್ಣ 1.77 ಚದರ ಮೀಟರ್. ದುಂಡಗಿನವನ್ನು ಎಷ್ಟೇ ಒತ್ತಾಗಿ ಜೋಡಿಸಿದರೂ ಲೆಕ್ಕದ ಪ್ರಕಾರವೇ 91 ಶೇಕಡಾ ದಾಟುವುದಿಲ್ಲ, ಬಾಗಿದ ಕೊಳದಲ್ಲಿ 70 ಶೇಕಡಾ ಆದರೆ ದೊಡ್ಡದು. 50 ಚದರ ಮೀಟರ್‌ನಲ್ಲಿ ಅಷ್ಟು ಮುಚ್ಚಲು 20 ಬಿಲ್ಲೆ ಬೇಕು, ಅಂದರೆ ದಿನಕ್ಕೆ 20 ಸಲ ಹಾಕಿ 20 ಸಲ ತೆಗೆಯಬೇಕು. ಗಾಳಿ ಬಂದರೆ ಎಲ್ಲವೂ ಒಂದೇ ಮೂಲೆಗೆ ಸೇರಿ ಒಂದರ ಮೇಲೊಂದು ಹತ್ತುತ್ತವೆ. ಆದರೆ ನೀರಿನ ನಡುವೆ ಬಂಡೆ ಎದ್ದಿರುವ ಕೊಳದಲ್ಲಿ ಹಾಳೆಗಿಂತ ಇವೇ ವಾಸಿ. ನಮಗೆ ಚೆನ್ನಾಗಿ ಒದಗಿದ್ದು ಎರಡನ್ನೂ ಬೆರೆಸಿದ ಏರ್ಪಾಡು: ನೇರವಾದ ದೊಡ್ಡ ಭಾಗಕ್ಕೆ ಹಾಳೆ, ಬಂಡೆಯ ಸುತ್ತಲಿನ ಕೊಲ್ಲಿಗೆ ಮೂರು ನಾಲ್ಕು ಬಿಲ್ಲೆ.

ದ್ರವ ಕವರ್ ಕೊನೆಯ ಆಯ್ಕೆ. ಕೊಬ್ಬಿನ ಮೂಲದ ಆಲ್ಕೋಹಾಲ್‌ಗಳು ನೀರಿನ ಮೇಲೆ ಒಂದೇ ಅಣುವಿನಷ್ಟು ತೆಳ್ಳಗಿನ ಪೊರೆ ಕಟ್ಟಿ ಆವಿಯನ್ನು ತಡೆಯುತ್ತವೆ. ಆಕಾರ ಯಾವುದಾದರೂ ಅದಕ್ಕೆ ಲೆಕ್ಕವಿಲ್ಲ, ಹಾಕಿ ತೆಗೆಯುವ ಕೆಲಸವೂ ಇಲ್ಲ. ಆದರೆ ಗಾಳಿ, ಜಲಪಾತ, ಜೆಟ್ ಯಾವುದಿದ್ದರೂ ಪೊರೆ ಹರಿಯುತ್ತದೆ. ಅಂಚಿನಿಂದ ನೀರು ಉಕ್ಕಿ ಹರಿಯುವ ಕೊಳದಲ್ಲಿ ಪೊರೆಯೂ ನೀರಿನ ಜೊತೆ ಜಾರಿಹೋಗುತ್ತದೆ. ಗಾಳಿಯಿಲ್ಲದ ಜಾಗದಲ್ಲಿ, ರಾತ್ರಿ ಪಂಪ್ ನಿಲ್ಲಿಸಿದಾಗ ಮಾತ್ರ ಇದರಿಂದ ಪ್ರಯೋಜನ.

ಹಾಳೆಯ ಬಣ್ಣದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಗಲು ನೀರು ಕಾಯಬೇಕಾದರೆ ಬಿಸಿಲನ್ನು ಒಳಗೆ ಬಿಡುವ ಪಾರದರ್ಶಕ ಹಾಳೆ ಮೇಲು; ರಾತ್ರಿಗೆ ಯಾವುದಾದರೂ ಒಂದೇ. ಹೆಚ್ಚು ಕ್ಲೋರಿನ್ ಹಾಕಿದ ದಿನ ಪ್ರಮಾಣ 3 ಪಿಪಿಎಂಗೆ (ಲೀಟರ್‌ಗೆ 3 ಮಿಲಿಗ್ರಾಂ) ಇಳಿಯುವವರೆಗೆ ಹಾಳೆಯಾಗಲಿ ಬಿಲ್ಲೆಯಾಗಲಿ ಹಾಕಬೇಡಿ, ಪ್ಲಾಸ್ಟಿಕ್ ಪೆಡಸಾಗಿ ಗುಳ್ಳೆ ಉದುರುತ್ತದೆ.

ತುಂಡು ಹಾಳೆಗೂ ಬಿಲ್ಲೆಗೂ ಒಂದು ಅಪಾಯ ಸಮಾನ: ಅರ್ಧ ತೆಗೆದು ಅರ್ಧ ಬಿಟ್ಟು ಈಜಬಾರದು. ಅಡಿಗೆ ಸಿಕ್ಕ ಮಗು ಕಾಣುವುದಿಲ್ಲ, ಹಾಳೆ ಮೈಗೆ ಸುತ್ತಿಕೊಳ್ಳುತ್ತದೆ. ಇವು ಯಾವುವೂ ಬಿದ್ದವರನ್ನು ತಡೆಯುವ ಸುರಕ್ಷಾ ಹೊದಿಕೆಗಳಲ್ಲ. ನೀರಿಗಿಳಿಯುವ ಮುನ್ನ ಎಲ್ಲ ತುಂಡುಗಳೂ ಹೊರಗಿರಬೇಕು.

ತೆಗೆದ ತುಂಡುಗಳನ್ನು ಬಿಸಿಲಿನಲ್ಲಿ ಮಡಚಿ ಇಟ್ಟರೆ ಪದರಗಳ ನಡುವೆ ಶಾಖ ಸೇರಿ ಗುಳ್ಳೆಗಳು ಕರಗಿ ಅಂಟುತ್ತವೆ. ನೆರಳಿಲ್ಲದಿದ್ದರೆ ಮೇಲೊಂದು ಬಿಳಿ ಹೊದಿಕೆ ಹಾಕಿ. ಪ್ರತಿ ತುಂಡಿನ ಮೇಲ್ಮೈಯ ಮೂಲೆಯಲ್ಲಿ ಅಳಿಸದ ಮಾರ್ಕರ್‌ನಿಂದ ಸಂಖ್ಯೆ ಬರೆದು, ಮೆಟ್ಟಿಲಿನ ಕಡೆಗೊಂದು ಬಾಣದ ಗುರುತು ಹಾಕಿಡಿ. ಬಾಗಿದ ತುಂಡನ್ನು ತಿರುಗುಮುರುಗಾಗಿ ಹಾಸಿದರೆ ಅದು ಗೋಡೆಗೆ ಹೊಂದುವುದೇ ಇಲ್ಲ.