ಬೋರ್ಡ್ ಇಲ್ಲದ ಶೆಡ್ಡು, ಬುಲೆಟ್ ಟೈಮಿಂಗ್ ಮಾತ್ರ ಪಕ್ಕಾ

ದಾವಣಗೆರೆಯ ಪಿ.ಬಿ. ರಸ್ತೆಯಿಂದ ಒಳಗೆ ಹೋಗುವ ಗಲ್ಲಿಯಲ್ಲಿ ಒಂದು ತಗಡಿನ ಶೆಡ್ಡು, ಬುಲೆಟ್ ರಿಪೇರಿ ಗ್ಯಾರೇಜು. ಹೊರಗೆ ನಾಲ್ಕೈದು ಹಳೆ ಬುಲೆಟ್ ನಿಂತಿದ್ದರೆ ಅದೇ. ನಡೆಸುವವರಿಗೆ ಅರವತ್ತು ದಾಟಿದೆ, ಎಲ್ಲರೂ ಚಾಚಾ ಅಂತಾರೆ. ಎಲೆಕ್ಟ್ರಾನಿಕ್ ಇಗ್ನಿಷನ್ ಗಾಡಿ ಇರುವವರು ಇಲ್ಲಿಗೇ ಬಿಟ್ಟುಬಿಡಿ, ಇದು ಪಾಯಿಂಟ್ (ತೆರೆದಾಗ ಪ್ಲಗ್ಗಿನಲ್ಲಿ ಕಿಡಿ ಹಾರಿಸುವ ಪುಟ್ಟ ಸ್ವಿಚ್ಚು) ಇರುವ, ಹಳೆ ಕಾಸ್ಟ್ ಐರನ್ ಇಂಜಿನ್ನಿನ ಬುಲೆಟ್‌ನವರಿಗೆ.

ನನ್ನದು 1996ರ 350. ತಪ್ಪು ನನ್ನದೇ. ಐಡ್ಲಿಂಗ್‌ನಲ್ಲಿ ನಿಧಾನಕ್ಕೆ ಡುಗ್... ಡುಗ್... ಅನ್ನಬೇಕು ಅಂತ ಬೇರೆ ಊರಿನ ಒಬ್ಬ ಮೆಕ್ಯಾನಿಕ್ ಹತ್ತಿರ ಹಠ ಹಿಡಿದೆ, ಅವನು ಟೈಮಿಂಗ್ ರಿಟಾರ್ಡ್ ಮಾಡಿಕೊಟ್ಟ, ಅಂದರೆ ಪ್ಲಗ್ಗಿನ ಕಿಡಿ ತಡವಾಗಿ ಹಾರುವ ಹಾಗೆ. ಸೌಂಡ್ ಏನೋ ಬಂತು. ಆಮೇಲೆ ಧರ್ಮಸ್ಥಳದಿಂದ ವಾಪಸ್ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಗಾಡಿ ಎರಡನೇ ಗೇರಿನಲ್ಲೂ ಉಬ್ಬಸ ಪಟ್ಟಿತು, ಕೊಟ್ಟಿಗೆಹಾರದಲ್ಲಿ ಇಳಿದು ನೋಡಿದರೆ ಇಂಜಿನ್ನಿನಿಂದ ಹೊಗೆ ಹೊರಬರುವ ಹೊಸ ಬೆಂಡ್ ಪೈಪ್ ಬಿಸಿಗೆ ನೀಲಿಯಾಗಿತ್ತು. ಕಿಡಿ ತಡವಾದರೆ ಪೆಟ್ರೋಲ್ ಕೂಡ ತಡವಾಗಿ ಉರಿಯುತ್ತದೆ, ಪಿಸ್ಟನ್ ತಳ್ಳಬೇಕಾದ ಬಿಸಿ ಪೈಪಿಗೆ ಹೋಗುತ್ತದೆ.

ಚಾಚಾ ಪೈಪ್ ನೋಡಿದವರೇ, "ಸೌಂಡಿಗೆ ಮಾಡಿಸಿದ್ಯೇನಪ್ಪಾ?" ಅಂದರು. ತಲೆ ಆಡಿಸಿದೆ. "ಅಷ್ಟು ನಿಧಾನ ಬಡ್ಕೊಂಡ್ರೆ ಆಯಿಲ್ ಮೇಲಕ್ಕೆ ಸರಿಯಾಗಿ ಹೋಗಲ್ಲ" ಅಂತ ಪಾಯಿಂಟ್ ಮುಚ್ಚಳ ಬಿಚ್ಚಿದರು.

ಮೊದಲು ಪಾಯಿಂಟ್ ಗ್ಯಾಪ್. ಪಾಯಿಂಟನ್ನು ತೆರೆಸುವ ಕ್ಯಾಮಿಗೆ ಉಜ್ಜುವ ಫೈಬರ್ ಹಿಮ್ಮಡಿ ಸವೆದು ಗ್ಯಾಪ್ ಕಿರಿದಾಗಿತ್ತು, ಅದರಿಂದಲೂ ಕಿಡಿ ಇನ್ನಷ್ಟು ತಡವಾಗುತ್ತಂತೆ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ 0.38 ಮಿ.ಮೀ.ಗೆ ತಂದರು. ಗ್ಯಾಪ್ ಮುಟ್ಟಿದರೆ ಟೈಮಿಂಗೂ ಅಲ್ಲಾಡುತ್ತದೆ, ಅದಕ್ಕೇ ಇದು ಮೊದಲು. ಆಮೇಲೆ ಪ್ಲಗ್ ಬಿಚ್ಚಿ, ಟ್ಯಾಪೆಟ್ ಮುಚ್ಚಳ ತೆಗೆದು, ಟಾಪ್ ಗೇರ್ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲೇ ತಿರುಗಿಸಿದರು. ವಾಲ್ವ್ ಎತ್ತುವ ಎರಡೂ ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಿದರೆ ವಾಲ್ವ್ ಎರಡೂ ಮುಚ್ಚಿವೆ, ಕಂಪ್ರೆಷನ್ ಸ್ಟ್ರೋಕ್ ಅಂತ ಅರ್ಥ. ಪ್ಲಗ್ ತೂತಿನೊಳಗೆ ತುದಿ ಬಗ್ಗಿಸಿದ ಸೈಕಲ್ ಕಡ್ಡಿ ಬಿಟ್ಟು ಪಿಸ್ಟನ್ ತೀರಾ ಮೇಲೆ ಬರುವ ಜಾಗ ಹಿಡಿದರು. ಕಿಡಿ ಬೇಕಿರುವುದು ಅದಕ್ಕಿಂತ 0.8 ಮಿ.ಮೀ. ಮೊದಲು. ಪಿಸ್ಟನ್ನಿನ 90 ಮಿ.ಮೀ. ಓಡಾಟದಲ್ಲಿ (ಸ್ಟ್ರೋಕ್) ಅದೊಂದು ಕೂದಲೆಳೆ, ಅಲ್ವಾ? ಚಕ್ರವನ್ನು ಜಾಸ್ತಿ ಹಿಂದಕ್ಕೆ ಬಿಟ್ಟು ಮತ್ತೆ ಮುಂದಕ್ಕೆ ತಂದು ನಿಲ್ಲಿಸುತ್ತಾರೆ, ಗೇರ್ ಹಲ್ಲುಗಳ ಸಡಿಲ ಲೆಕ್ಕ ತಪ್ಪಿಸಬಾರದು ಅಂತ.

ಟೈಮಿಂಗ್ ಲೈಟ್ ಇಲ್ಲ, ಏನೂ ಇಲ್ಲ. ಇಗ್ನಿಷನ್ ಆನ್ ಮಾಡಿ ನನ್ನನ್ನು ಆಂಪ್ ಮೀಟರ್ ನೋಡು ಅಂತ ನಿಲ್ಲಿಸಿದರು. ಪಾಯಿಂಟ್ ಮುಚ್ಚಿರುವಾಗ ಮುಳ್ಳು ಮೈನಸ್ ಕಡೆ ವಾಲಿರುತ್ತದೆ, ತೆರೆದ ಕ್ಷಣ ಸೊನ್ನೆಗೆ ಹಾರುತ್ತದೆ. ಅವರು ಪಾಯಿಂಟ್ ಕೂತಿರುವ ಪ್ಲೇಟನ್ನು ಸ್ಕ್ರೂಡ್ರೈವರ್‌ನಲ್ಲಿ ಇಷ್ಟಿಷ್ಟೇ ಸರಿಸುತ್ತಿದ್ದರು, ಮುಳ್ಳು ಹಾರಿದಾಗ ನಾನು "ಹಾಂ" ಅನ್ನಬೇಕು. ಮೂರು ಸಲ ಹಾಂ ಅನ್ನಿಸಿ, ಮೂರೂ ಒಂದೇ ಕಡೆ ಬಂದ ಮೇಲೆಯೇ ಸ್ಕ್ರೂ ಬಿಗಿ ಮಾಡಿದ್ದು. ನಡುವೆ ಮಾತಾಡಿದರೆ ಕೀ ಆಫ್ ಮಾಡಿಬಿಡ್ತಾರೆ, ಸುಮ್ನೆ ಆನ್ ಇಟ್ಟರೆ ಕಾಯಿಲ್ ಬಿಸಿಯಾಗುತ್ತದೆ ಅಂತ.

ಎರಡನೇ ಕಿಕ್ಕಿಗೆ ಸ್ಟಾರ್ಟ್, ಕಿಕ್ಕರ್ ರಿವರ್ಸ್ ಹೊಡೆದು ಕಾಲಿಗೆ ಒದೆಯಲಿಲ್ಲ. ಬೀಟ್ ಮೊದಲಿಗಿಂತ ಚುರುಕು, ಗೆಳೆಯರು ಸೌಂಡ್ ಹೋಯ್ತಲ್ಲೋ ಅಂತ ಗೊಣಗುತ್ತಾರೆ. ಹೋದ ತಿಂಗಳು ಅದೇ ಘಾಟಿಯನ್ನು ಇಬ್ಬರು ಕೂತು ಬಹುಪಾಲು ಮೂರನೇ ಗೇರಿನಲ್ಲೇ ಹತ್ತಿದೆವು.

ಬೇಜಾರಿನ ವಿಷಯವೂ ಇದೆ. ಬೆಳಗ್ಗೆ ಹತ್ತಕ್ಕೆ ಹೋದವನಿಗೆ ಸರದಿ ಬಂದಿದ್ದು ಮಧ್ಯಾಹ್ನ ಎರಡಕ್ಕೆ. ಬಿಲ್ ಇಲ್ಲ, ಫೋನ್ ಎತ್ತಲ್ಲ, ಕೂರಲು ಒಂದು ಹಳೆ ಟೈರ್. ಇಂಜಿನ್ ಬಿಸಿ ಇದ್ದರೆ ಮುಟ್ಟುವುದೇ ಇಲ್ಲ, ಆರುವವರೆಗೆ ಕಾಯಬೇಕು. ನನಗೆ ಕೂಲಿ 350 ರೂಪಾಯಿ ಆಯಿತು, ನಗದು ಮಾತ್ರ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಆ ಟೈರಿಗೆ ಕಡಿತ. ಹೋಗುವವರು ಹೊಸ ಪಾಯಿಂಟ್ ಸೆಟ್ ನೀವೇ ತಗೊಂಡು ಹೋಗಿ, ಅವರು ಸ್ಟಾಕ್ ಇಡುವುದಿಲ್ಲ.